ಹುಡುಗರೇ ನಡೆಸಿದ ನಾಟಕ ಕಂಪನಿ

ನಮ್ಮ ನ್ಯೂಸ್ ರೂಮಿಗೆ ಹೊಸ ಟ್ರೈನಿಗಳು ಬಂದಾಗ ಮೊದಲ ವಾರವೇ ಅವರಿಗೆ ಒಂದು ಕಥೆ ಹೇಳ್ತೀನಿ. 1938ರ ಅಕ್ಟೋಬರ್ 30, ಭಾನುವಾರ. ಅಮೆರಿಕದಲ್ಲಿ ರಾತ್ರಿ ಎಂಟರ ಸಮಯ. ಸಿಬಿಎಸ್ ರೇಡಿಯೋದಲ್ಲಿ ಹೋಟೆಲೊಂದರಿಂದ ಡಾನ್ಸ್ ಸಂಗೀತ ಬರ್ತಾ ಇದೆ. ಇದ್ದಕ್ಕಿದ್ದಂತೆ ಸಂಗೀತ ನಿಲ್ಲುತ್ತೆ. ಈಗಿನ ಭಾಷೆಯಲ್ಲಿ ಹೇಳೋದಾದರೆ ಬ್ರೇಕಿಂಗ್ ನ್ಯೂಸ್! ಮಂಗಳ ಗ್ರಹದ ಮೇಲೆ ಸ್ಫೋಟಗಳು ಕಾಣಿಸಿವೆಯಂತೆ. ಮತ್ತೆ ಸಂಗೀತ. ಮತ್ತೆ ಬುಲೆಟಿನ್. ನ್ಯೂಜೆರ್ಸಿಯ ಹೊಲವೊಂದರಲ್ಲಿ ಏನೋ ಬಿದ್ದಿದೆ. ವರದಿಗಾರ ಸ್ಥಳಕ್ಕೇ ಹೋಗಿ ಏದುಸಿರು ಬಿಡುತ್ತಾ ವಿವರಿಸ್ತಿದ್ದಾನೆ. ಮಾತಿನ ಮಧ್ಯದಲ್ಲೇ ಲೈನ್ ಕಟ್. ಆಮೇಲೆ ಪೂರ್ತಿ ನಿಶ್ಶಬ್ದ.

ಅದು ಸುದ್ದಿಯಲ್ಲ, ನಾಟಕ. ಎಚ್.ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯ ರೇಡಿಯೋ ರೂಪ. ಶುರುವಿನಲ್ಲೇ ಹಾಗಂತ ಹೇಳಿದ್ದರು. ತಡವಾಗಿ ಆ ಸ್ಟೇಷನ್‌ಗೆ ತಿರುಗಿಸಿದವರ ಕಿವಿಗೆ ಅದು ಬಿದ್ದಿರಲಿಲ್ಲ, ಅಷ್ಟೇ. ದೇಶಕ್ಕೆ ದೇಶವೇ ದಿಕ್ಕೆಟ್ಟು ಓಡಿತು ಅನ್ನೋ ಹಾಗೆ ಮಾರನೇ ದಿನದ ಪತ್ರಿಕೆಗಳು ಬರೆದವು. ಪತ್ರಿಕೆಗಳು ಅದನ್ನ ಚೆನ್ನಾಗಿಯೇ ಉಬ್ಬಿಸಿದ್ದವು ಅಂತ ನಂತರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಜಾಹೀರಾತಿನ ದುಡ್ಡೆಲ್ಲ ರೇಡಿಯೋ ಕಡೆ ಹರಿಯುತ್ತಿದ್ದ ಕಾಲ ಅದು, ಹೊಟ್ಟೆಯುರಿ ಇರಲ್ವಾ? ನಮ್ಮ ವೃತ್ತಿಯವರಿಗೆ ಈ ಕಥೆಯಲ್ಲಿ ಎರಡೆರಡು ಪಾಠ ಇದೆ ನೋಡಿ. ಸುದ್ದಿಯ ವೇಷದಲ್ಲಿ ನಾಟಕ ಎಷ್ಟು ಸುಲಭವಾಗಿ ಮನೆಯೊಳಗೆ ಬರುತ್ತೆ ಅನ್ನೋದು ಒಂದು, ಆ ನಾಟಕವನ್ನೇ ಸುದ್ದಿ ಮಾಡೋದು ನಮಗೆಷ್ಟು ಇಷ್ಟ ಅನ್ನೋದು ಇನ್ನೊಂದು.

ಆದರೆ ನಾನಿವತ್ತು ಹೇಳಹೊರಟಿದ್ದು ಅದಲ್ಲ. ಕಥೆ ಕೇಳಿದ ಟ್ರೈನಿ ಹುಡುಗಿಯೊಬ್ಬಳು ಒಮ್ಮೆ ಒಂದು ಪ್ರಶ್ನೆ ಕೇಳಿದಳು. 'ಸರ್, ಇದನ್ನ ಮಾಡಿದವರ ವಯಸ್ಸೆಷ್ಟು?' ಇಪ್ಪತ್ಮೂರು ಅಂದೆ. 'ಇಪ್ಪತ್ಮೂರಕ್ಕೆ ಇಷ್ಟೆಲ್ಲ ಎಲ್ಲಿ ಕಲಿತರು? ಯಾವ ಕಾಲೇಜು?'

ಯಾವ ಕಾಲೇಜೂ ಅಲ್ಲ. ಆರ್ಸನ್ ವೆಲ್ಸ್ ಯಾವ ವಿಶ್ವವಿದ್ಯಾಲಯದಲ್ಲೂ ಓದಿ ಡಿಗ್ರಿ ತಗೊಂಡವನಲ್ಲ. (ಕಾದಂಬರಿ ಬರೆದ ವೆಲ್ಸ್‌ಗೂ ಇವನಿಗೂ ಸಂಬಂಧ ಇಲ್ಲ, ಇಂಗ್ಲಿಷಿನಲ್ಲಿ ಇವನ ಹೆಸರಿಗೆ ಒಂದು ಅಕ್ಷರ ಜಾಸ್ತಿ.) ಅವನು ಕಲಿತದ್ದು ಒಂದು ಸಣ್ಣ ಊರಿನ ಶಾಲೆಯಲ್ಲಿ, ಹುಡುಗರೇ ನಡೆಸುತ್ತಿದ್ದ ನಾಟಕ ತಂಡದಲ್ಲಿ.

ಊರಿನ ಹೆಸರು ವುಡ್‌ಸ್ಟಾಕ್. 1969ರ ಸಂಗೀತ ಜಾತ್ರೆಯ ವುಡ್‌ಸ್ಟಾಕ್ ಅಲ್ಲ, ಅದು ನ್ಯೂಯಾರ್ಕ್ ರಾಜ್ಯದ್ದು. ಇದು ಇಲಿನಾಯ್ ರಾಜ್ಯದ್ದು, ಷಿಕಾಗೋದಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್. ನೀವು ಈ ಊರನ್ನ ನೋಡಿರುವ ಸಾಧ್ಯತೆ ಇದೆ. 'ಗ್ರೌಂಡ್‌ಹಾಗ್ ಡೇ' ಸಿನಿಮಾ, ಅದೇ, ಒಬ್ಬ ಟಿವಿ ವರದಿಗಾರನಿಗೆ ಒಂದೇ ದಿನ ಮತ್ತೆ ಮತ್ತೆ ಬರುತ್ತಲ್ಲ, ಅದನ್ನ ಶೂಟ್ ಮಾಡಿದ್ದು ಇಲ್ಲೇ. ಊರ ನಡುವೆ ಒಂದು ಚೌಕ, ಚೌಕದ ಅಂಚಿಗೆ ಗೋಪುರ ಇರುವ ಹಳೇ ಆಪೆರಾ ಹೌಸ್. 1889ರಲ್ಲಿ ಕಟ್ಟಿಸಿದ್ದು. ಒಂದೇ ಕಟ್ಟಡದಲ್ಲಿ ಪುರಸಭೆ, ಗ್ರಂಥಾಲಯ, ಅಗ್ನಿಶಾಮಕದವರು, ಮಹಡಿ ಮೇಲೆ ರಂಗಮಂದಿರ. ನಮ್ಮ ತಾಲ್ಲೂಕು ಕೇಂದ್ರಗಳ ಟೌನ್ ಹಾಲ್ ಇದ್ದ ಹಾಗೆ ಅಂದುಕೊಳ್ಳಿ.

ಆ ಊರಲ್ಲಿ ಟಾಡ್ ಅನ್ನೋ ಗಂಡುಹುಡುಗರ ವಸತಿ ಶಾಲೆ ಇತ್ತು. 1848ರಷ್ಟು ಹಳೆಯದು. 1926ರಲ್ಲಿ ಹನ್ನೊಂದು ವರ್ಷದ ಆರ್ಸನ್ ಅಲ್ಲಿಗೆ ಬಂದ. ತಾಯಿ ಪಿಯಾನೋ ಕಲಾವಿದೆ, ಹುಡುಗನಿಗೆ ಒಂಬತ್ತು ತುಂಬಿದ ನಾಲ್ಕೇ ದಿನಕ್ಕೆ ತೀರಿಕೊಂಡಿದ್ದಳು. ತಂದೆ ಸೈಕಲ್ ಲ್ಯಾಂಪ್‌ನಲ್ಲಿ ದುಡ್ಡು ಮಾಡಿದ ಬುದ್ಧಿವಂತ, ಆದರೆ ಕುಡಿತಕ್ಕೆ ಬಿದ್ದವನು. ಅಂದರೆ ಶಾಲೆಗೆ ಸೇರುವ ಹೊತ್ತಿಗೆ ಈ ಹುಡುಗನಿಗೆ ಮನೆ ಅನ್ನೋದು ಹೆಚ್ಚುಕಡಿಮೆ ಇರಲಿಲ್ಲ. ಬೇರೆ ಹುಡುಗರಿಗೆ ಟಾಡ್ ಒಂದು ಹಾಸ್ಟೆಲ್ ಆಗಿದ್ದರೆ ಇವನಿಗೆ ಅದೇ ಮನೆ.

ಅಲ್ಲಿ ಒಬ್ಬ ಮೇಷ್ಟ್ರಿದ್ದರು, ರೋಜರ್ ಹಿಲ್. ಮುಖ್ಯೋಪಾಧ್ಯಾಯರ ಮಗ, ಮುಂದೆ ತಾವೇ ಮುಖ್ಯೋಪಾಧ್ಯಾಯರಾದವರು. ಇಂಗ್ಲಿಷ್ ಪಾಠ ಮಾಡ್ತಿದ್ದರು, ಆಟದ ಮೈದಾನದಲ್ಲಿ ಕೋಚ್ ಕೂಡ. ಹುಡುಗರ ಬಾಯಲ್ಲಿ ಅವರು 'ಸ್ಕಿಪ್ಪರ್', ಅಂದರೆ ಹಡಗಿನ ಕ್ಯಾಪ್ಟನ್. ಈ ಕ್ಯಾಪ್ಟನ್‌ಗೆ ಒಂದು ವಿಚಿತ್ರ ಗುಣ ಇತ್ತು. ಚುಕ್ಕಾಣಿಯನ್ನ ತಾವೇ ಹಿಡಿಯಬೇಕು ಅನ್ನೋ ಹಟ ಇರಲಿಲ್ಲ. ಮಕ್ಕಳೆಲ್ಲ ಹುಟ್ಟಿನಿಂದಲೇ ಏನನ್ನಾದರೂ ಮಾಡಬಲ್ಲವರು, ಶಾಲೆಯ ಕೆಲಸ ಅವರಿಗೆ ಸಾಮಾನು ಒದಗಿಸಿ ಪಕ್ಕಕ್ಕೆ ನಿಲ್ಲೋದು ಅನ್ನೋದು ಅವರ ನಂಬಿಕೆ.

ಆ ಶಾಲೆಯಲ್ಲಿ ನಾಟಕ ಅಂದರೆ ವರ್ಷಕ್ಕೊಮ್ಮೆ ಬರುವ ಸ್ಕೂಲ್ ಡೇ ಐಟಂ ಅಲ್ಲ. ವರ್ಷವಿಡೀ ನಡೆಯುತ್ತಿದ್ದ ಕಾರ್ಖಾನೆ ಅದು. 'ಟಾಡ್ ಟ್ರೂಪರ್ಸ್' ಅಂತ ಹುಡುಗರ ತಂಡ. ಷಿಕಾಗೋ ಸುತ್ತಮುತ್ತಲ ಊರುಗಳಿಗೂ ಹೋಗಿ ಆಡಿಬರುತ್ತಿತ್ತು. ನಾಟಕ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಬಣ್ಣ ಹಚ್ಚಿಕೊಂಡವನು ಮಾತ್ರ. ಆದರೆ ಮೂರು ಗಂಟೆಯ ನಾಟಕವನ್ನ ಒಂದೂವರೆ ಗಂಟೆಗೆ ಕತ್ತರಿಸೋರು ಯಾರು? ಯಾವ ಮಾತು ಉಳೀಬೇಕು, ಯಾವುದು ಹೋಗಬೇಕು? ಸೀನರಿಗೆ ಹಲಗೆ ಹೊಡೆಯೋರು ಯಾರು? ಲೈಟು ಎಲ್ಲಿಂದ ಬೀಳಬೇಕು? ಗಂಡುಹುಡುಗರ ಶಾಲೆಯಲ್ಲಿ ರಾಣಿಯ ಪಾರ್ಟು ಯಾರಿಗೆ? ನಗದೆ ಅದನ್ನ ಮಾಡೋನು ಯಾರು? (ಆರ್ಸನ್ ಆ ಶಾಲೆಯಲ್ಲಿ ಮಾಡಿದ ಮೊದಲ ಪಾರ್ಟೇ ಕ್ರಿಸ್ಮಸ್ ನಾಟಕದಲ್ಲಿ ಏಸುವಿನ ತಾಯಿ ಮೇರಿಯದು. ಮುಂದೆ ಅವನ ಗಡಸು ಕಂಠ ಕೇಳಿದ ಜಗತ್ತಿಗೆ ಇದನ್ನ ನಂಬೋದು ಕಷ್ಟ.) ಈ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕೋದು ಹುಡುಗರ ಪಾಲಿಗೇ ಬರುತ್ತಿತ್ತು. ಆರ್ಸನ್ ಹದಿಮೂರು ಹದಿನಾಲ್ಕಕ್ಕೆ ಬರುವಷ್ಟರಲ್ಲಿ ನಟನೆ ಮಾತ್ರ ಅಲ್ಲ, ನಿರ್ದೇಶನ, ರಂಗಸಜ್ಜಿಕೆ, ಬೆಳಕು, ನಾಟಕ ಕತ್ತರಿಸೋ ಕೆಲಸ, ಎಲ್ಲಕ್ಕೂ ಕೈ ಹಾಕಿದ್ದ.

1929ರಲ್ಲಿ ತಂಡ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಎತ್ತಿಕೊಂಡಿತು. ಷಿಕಾಗೋದ ನಾಟಕ ಸ್ಪರ್ಧೆಗೆ. ಆರ್ಸನ್ ನಿರ್ದೇಶಕ, ಜೊತೆಗೆ ಎರಡು ಪಾರ್ಟು, ಆಂಟನಿಯದೂ ಕ್ಯಾಸಿಯಸ್‌ದೂ. ಆಗ ನಡೆದದ್ದು ಅಂತ ಶಾಲೆಯವರು ವರ್ಷಗಟ್ಟಲೆ ಹೇಳಿಕೊಂಡು ಬಂದ ಒಂದು ಕಥೆ ಇದೆ. ತೀರ್ಪುಗಾರರು ಮೊದಲ ಬಹುಮಾನ ಕೊಡಲಿಲ್ಲವಂತೆ. ಯಾಕೆ? ಆಂಟನಿ, ಕ್ಯಾಸಿಯಸ್ ಮಾಡಿದ ಆ 'ಇಬ್ಬರು' ಹುಡುಗರಲ್ಲ, ಹೊರಗಿನಿಂದ ಕರೆತಂದ ದೊಡ್ಡವರು ಅಂತ ಅವರಿಗೆ ಅನುಮಾನ! ಇಬ್ಬರೂ ಒಬ್ಬನೇ, ಅವನಿಗೆ ಮೀಸೆಯೂ ಸರಿಯಾಗಿ ಬಂದಿಲ್ಲ ಅಂತ ಹೇಳಿ ನಂಬಿಸಬೇಕಾಯಿತಂತೆ. ಕಥೆಗೆ ಎಷ್ಟು ಉಪ್ಪುಖಾರ ಬಿದ್ದಿದೆಯೋ, ಇರಲಿ. ವೆಲ್ಸ್ ಸುತ್ತ ಇರುವ ಕಥೆಗಳಲ್ಲಿ ಅರ್ಧಕ್ಕೆ ಅವನೇ ಒಗ್ಗರಣೆ ಹಾಕಿದವನು.

ಕೊನೆಯ ವರ್ಷ, ಅಂದರೆ 1931ರಲ್ಲಿ, ಇನ್ನೂ ದೊಡ್ಡ ಸಾಹಸ. ಷೇಕ್ಸ್‌ಪಿಯರನ 'ಹೆನ್ರಿ ದಿ ಸಿಕ್ಸ್ತ್' ಮತ್ತು 'ರಿಚರ್ಡ್ ದಿ ಥರ್ಡ್' ನಾಟಕಗಳನ್ನ ಕತ್ತರಿಸಿ, ಹೊಲಿದು, ಒಂದೇ ನಾಟಕ ಮಾಡಿದ. ಅನುಭವಸ್ಥ ಕಂಪನಿಗಳೇ ಎರಡು ಸಲ ಯೋಚಿಸುವ ಕೆಲಸ. ಹದಿನೈದರ ಹುಡುಗನಿಗೆ 'ಇದು ಆಗಲ್ಲ ಕಣೋ' ಅಂತ ಹೇಳೋರು ಯಾರೂ ಇರಲಿಲ್ಲ. ಈ ಹುಚ್ಚು ಅವನನ್ನ ಜೀವಮಾನ ಪೂರ್ತಿ ಬಿಡಲಿಲ್ಲ. 1939ರಲ್ಲಿ 'ಫೈವ್ ಕಿಂಗ್ಸ್' ಅಂತ ಷೇಕ್ಸ್‌ಪಿಯರನ ಇತಿಹಾಸ ನಾಟಕಗಳನ್ನ ಮತ್ತೆ ಕೂಡಿಸಲು ಹೋಗಿ ಕೈ ಸುಟ್ಟುಕೊಂಡ. ನಾಟಕ ನ್ಯೂಯಾರ್ಕ್ ತಲುಪುವ ಮೊದಲೇ ನಿಂತಿತು. 1965ರಲ್ಲಿ ಮತ್ತೆ ಅದೇ ಹಟ, ಸಿನಿಮಾ ರೂಪದಲ್ಲಿ. ಆ 'ಚೈಮ್ಸ್ ಅಟ್ ಮಿಡ್‌ನೈಟ್' ಅವನ ಅತ್ಯುತ್ತಮ ಚಿತ್ರಗಳಲ್ಲಿ ಒಂದು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಶಾಲೆಯ ವೇದಿಕೆ ಮೇಲೆ ಶುರುವಾದ ಒಂದು ಹೋಂವರ್ಕ್ ಮುಗಿಯೋಕೆ ಮೂವತ್ತನಾಲ್ಕು ವರ್ಷ ಬೇಕಾಯ್ತು.

ಇಲ್ಲಿ ನನಗೊಂದು ತಕರಾರು ಇದೆ. 'ಹುಡುಗರೇ ನಡೆಸಿದರು' ಅಂತೀವಲ್ಲ, ಹುಡುಗರು ನಡೆಸಿದರೋ, ಒಬ್ಬ ಹುಡುಗ ನಡೆಸಿದನೋ? ನಿರ್ದೇಶನ ಅವನದೇ, ಎರಡೆರಡು ಮುಖ್ಯ ಪಾರ್ಟು ಅವನದೇ, ಲೈಟು ಎಲ್ಲಿ ಬೀಳಬೇಕು ಅನ್ನೋ ಮಾತೂ ಅವನದೇ. ಉಳಿದ ಹುಡುಗರ ಕಥೆ ಏನು? ಭರ್ಜಿ ಹಿಡಿದು ನಿಂತ ರೋಮನ್ ಸೈನಿಕ ನಂಬರ್ ನಾಲ್ಕು ಮುಂದೇನಾದ? ಇತಿಹಾಸ ಅವನ ಹೆಸರು ಬರೆದಿಟ್ಟಿಲ್ಲ. ದೊಡ್ಡವರು ಪಕ್ಕಕ್ಕೆ ಸರಿದ ತಕ್ಷಣ ಮಕ್ಕಳ ಪ್ರಜಾಪ್ರಭುತ್ವ ಬರುತ್ತೆ ಅನ್ನೋದು ನಮ್ಮ ಭ್ರಮೆ. ಕೆಲವೊಮ್ಮೆ ಬರೋದು ಮಕ್ಕಳ ಚಕ್ರವರ್ತಿ. ಹಾಗಂತ ಆ ಸೈನಿಕ ನಂಬರ್ ನಾಲ್ಕಕ್ಕೆ ಏನೂ ಸಿಗಲಿಲ್ಲ ಅಂತಲೂ ಹೇಳಲಾರೆ. ಅವನು ಮೊಳೆ ಹೊಡೆದ ಹಲಗೆಯ ಮೇಲೇ ಸೀಸರ್ ಬಿದ್ದದ್ದು. ಅದು ಅಲ್ಲಾಡಿದ್ದರೆ ಜನ ನಗುತ್ತಿದ್ದರು ಅನ್ನೋದು ಅವನಿಗೆ ಗೊತ್ತಿತ್ತು. ಆ ಭಯವನ್ನ ಪಠ್ಯಪುಸ್ತಕದಿಂದ ಕೊಡೋಕಾಗಲ್ಲ.

ಇನ್ನು ಆ ಚಕ್ರವರ್ತಿಯ ಒಳಮನೆ ನೋಡಿ. ಕುಡಿತ ಬಿಡೋವರೆಗೂ ನಿನ್ನ ಮುಖ ನೋಡಲ್ಲ ಅಂತ, ಹತ್ತಿರದವರ ಒತ್ತಾಯದ ಮೇಲೆ, ಹದಿನೈದರ ಆರ್ಸನ್ ತಂದೆಗೆ ಹೇಳಿಬಿಟ್ಟಿದ್ದ. 1930ರ ಡಿಸೆಂಬರ್ 28ರಂದು ಷಿಕಾಗೋದ ಹೋಟೆಲೊಂದರಲ್ಲಿ ಆ ತಂದೆ ಒಂಟಿಯಾಗಿ ತೀರಿಕೊಂಡ. ಆ ತಪ್ಪಿತಸ್ಥ ಭಾವನೆ ಆರ್ಸನ್‌ಗೆ ಸಾಯೋತನಕ ಹೋಗಲಿಲ್ಲ. ಪೋಷಕರಾಗಿ ಯಾರು ಬೇಕು ಅಂತ ಆರಿಸಿಕೊಳ್ಳುವ ಅವಕಾಶ ಬಂದಾಗ ಅವನು ಕೇಳಿದ್ದು ಯಾರನ್ನ ಗೊತ್ತಾ? ರೋಜರ್ ಹಿಲ್ ಅವರನ್ನ. ಹಿಲ್ ಒಪ್ಪಲಿಲ್ಲ. ಕುಟುಂಬಕ್ಕೆ ಬೇಕಾದವರಾಗಿದ್ದ ಡಾಕ್ಟರ್ ಬರ್ನ್‌ಸ್ಟೈನ್ ಪೋಷಕರಾದರು. ಆ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 'ಸಿಟಿಜನ್ ಕೇನ್' ನೋಡಿದ್ದರೆ ನೆನಪಾಗುತ್ತೆ, ಅದರಲ್ಲಿ ಬರ್ನ್‌ಸ್ಟೈನ್ ಅನ್ನೋ ಪಾತ್ರ ಇದೆ. ಬಾಲ್ಯದಲ್ಲೇ ಮನೆಯಿಂದ ಬೇರಾಗಿ ಪೋಷಕನ ಕೈಗೆ ಹೋಗುವ ಹುಡುಗನ ಕಥೆ ಅದು. ಅದನ್ನ ತೆಗೆದಾಗ ಅವನಿಗೆ ಇಪ್ಪತ್ತೈದು.

ಶಾಲೆ ಮುಗಿಯಿತು. ಮುಂದೆ? ಕೈಯಲ್ಲಿ ಸ್ವಲ್ಪ ದುಡ್ಡು ಹಿಡಿದು ಐರ್ಲೆಂಡಿಗೆ ಹೊರಟ. ಕತ್ತೆಗಾಡಿಯಲ್ಲಿ ಊರೂರು ಸುತ್ತಿ ಚಿತ್ರ ಬರೆಯೋದು ಅಂತ ನೆಪ. ದುಡ್ಡು ಖಾಲಿಯಾದಾಗ ಡಬ್ಲಿನ್‌ನ ಗೇಟ್ ಥಿಯೇಟರ್ ಬಾಗಿಲಿಗೆ ಹೋಗಿ, ತಾನು ನ್ಯೂಯಾರ್ಕಿನ ರಂಗಭೂಮಿಯಲ್ಲಿ ಹೆಸರು ಮಾಡಿದ ನಟ ಅಂತ ಬಿಟ್ಟ. ಗೇಟ್ ನಡೆಸುತ್ತಿದ್ದ ಹಿಲ್ಟನ್ ಎಡ್ವರ್ಡ್ಸ್ ಮತ್ತು ಮೀಹಾಲ್ ಮ್ಯಾಕ್‌ಲಿಯಮೋರ್ ಅದನ್ನ ನಂಬಿದವರಲ್ಲ. ಆದರೆ ಪಾರ್ಟು ಕೊಟ್ಟರು. 1931ರ ಅಕ್ಟೋಬರ್ 13ರಂದು 'ಜ್ಯೂ ಸ್ಯೂಸ್' ನಾಟಕದಲ್ಲಿ ಅವನು ಮಾಡಿದ್ದು ಒಬ್ಬ ಡ್ಯೂಕ್‌ನ ಪಾತ್ರ. ನಿಜವಾದ ವಯಸ್ಸು ಹದಿನಾರು. ಸುಳ್ಳು ಹೇಳಿ ಬಾಗಿಲೊಳಗೆ ಹೋಗಬಹುದು, ಬೆಳಕು ಮುಖದ ಮೇಲೆ ಬಿದ್ದಮೇಲೆ ಸುಳ್ಳು ನಡೆಯಲ್ಲ. ಅಷ್ಟು ವರ್ಷ ಟಾಡ್‌ನಲ್ಲಿ ಮಾಡಿದ ಕೆಲಸವೇ ಅಲ್ಲಿ ಅವನನ್ನ ಕಾಪಾಡಿದ್ದು.

ಆಮೇಲೆ ಅಮೆರಿಕಕ್ಕೆ ವಾಪಸ್. ವಾಪಸ್ ಬಂದವನು ಎಲ್ಲಿಗೆ ಹೋದ? ಅದೇ ಶಾಲೆಗೆ. ಮೇಷ್ಟ್ರೂ ಹಳೇ ವಿದ್ಯಾರ್ಥಿಯೂ ಸೇರಿ ಎರಡು ಕೆಲಸ ಮಾಡಿದರು. ಒಂದು, ಗುಲಾಮಗಿರಿ ವಿರುದ್ಧ ಬಂದೂಕು ಹಿಡಿದ ಜಾನ್ ಬ್ರೌನ್ ಬಗ್ಗೆ 'ಮಾರ್ಚಿಂಗ್ ಸಾಂಗ್' ಅನ್ನೋ ನಾಟಕ ಬರೆದರು. ಯಾರೂ ಅದನ್ನ ಆಡಲಿಲ್ಲ, ಡ್ರಾಯರ್ ಸೇರಿತು. ಎರಡನೆಯದು 'ಎವೆರಿಬಡೀಸ್ ಷೇಕ್ಸ್‌ಪಿಯರ್' ಅನ್ನೋ ಪುಸ್ತಕ. 1934ರಲ್ಲಿ ಟಾಡ್ ಶಾಲೆಯ ಪ್ರೆಸ್ಸಿನಿಂದಲೇ ಹೊರಬಂತು. 'ಜೂಲಿಯಸ್ ಸೀಸರ್', 'ಟ್ವೆಲ್ಫ್ತ್ ನೈಟ್', 'ಮರ್ಚೆಂಟ್ ಆಫ್ ವೆನಿಸ್', ಈ ಮೂರು ನಾಟಕಗಳು. ಶಾಲೆಯ ಹುಡುಗರು ಆಡೋಕೆ ಬರೋ ಹಾಗೆ ಕತ್ತರಿಸಿದ್ದು. ಅಂಚುಗಳ ತುಂಬ ಆರ್ಸನ್ ಕೈಯಾರೆ ಬರೆದ ನೂರಾರು ಚಿತ್ರಗಳು. ಇಲ್ಲಿ ಈ ಥರ ಬಟ್ಟೆ, ಇಲ್ಲಿ ಮೆಟ್ಟಿಲು, ಈ ಪಾತ್ರ ಹೀಗೆ ನಿಂತರೆ ಹೇಗೆ? ಷೇಕ್ಸ್‌ಪಿಯರ್ ಇರೋದು ಕೂತು ಬಾಯಿಪಾಠ ಮಾಡೋದಕ್ಕಲ್ಲ, ಎದ್ದು ಆಡೋದಕ್ಕೆ, ಇದು ಪುಸ್ತಕದ ಒಟ್ಟು ಮಾತು. ಗೈಡ್ ಓದಿ ಷೇಕ್ಸ್‌ಪಿಯರ್ ಪಾಸು ಮಾಡಿದ ನನ್ನಂಥವರಿಗೆ ಇದು ಸ್ವಲ್ಪ ನಾಟುವ ಮಾತೇ.

ಅದೇ 1934ರ ಜುಲೈನಲ್ಲಿ ವುಡ್‌ಸ್ಟಾಕ್‌ನ ಆಪೆರಾ ಹೌಸ್‌ನಲ್ಲಿ ಬೇಸಿಗೆ ನಾಟಕೋತ್ಸವ. ನಡೆಸಿದವನು ಹತ್ತೊಂಬತ್ತರ ಆರ್ಸನ್, ಬೆನ್ನಿಗೆ ನಿಂತವರು ಹಿಲ್. ಡಬ್ಲಿನ್‌ನಲ್ಲಿ ಇವನಿಗೆ ಪಾರ್ಟು ಕೊಟ್ಟ ಎಡ್ವರ್ಡ್ಸ್, ಮ್ಯಾಕ್‌ಲಿಯಮೋರ್ ಇಬ್ಬರನ್ನೂ ಸಮುದ್ರ ದಾಟಿಸಿ ಕರೆಸಿಕೊಂಡ! ನಾಟಕ ಕಲಿಯೋಕೆ ಅಂತ ಬಂದ ಹುಡುಗ ಹುಡುಗಿಯರು ಟಾಡ್ ಶಾಲೆಯ ಹಾಸ್ಟೆಲ್‌ನಲ್ಲಿ ಉಳಿದುಕೊಂಡರು. 'ಟ್ರಿಲ್ಬಿ', 'ಹ್ಯಾಮ್ಲೆಟ್', 'ತ್ಸಾರ್ ಪಾಲ್', ಮೂರು ನಾಟಕ. ಷಿಕಾಗೋದ ಸಿರಿವಂತರು ಈ ಹಳ್ಳಿಗೆ ನಾಟಕ ನೋಡಲು ಬಂದರು. ಮ್ಯಾಕ್‌ಲಿಯಮೋರ್ ಹ್ಯಾಮ್ಲೆಟ್, ನಮ್ಮ ಹುಡುಗ ಚಿಕ್ಕಪ್ಪ ಕ್ಲಾಡಿಯಸ್. ಅಂದರೆ ಮೂವತ್ತನಾಲ್ಕರ ಹ್ಯಾಮ್ಲೆಟ್‌ಗೆ ಹತ್ತೊಂಬತ್ತರ ಚಿಕ್ಕಪ್ಪ. ಅವನ ಮೊದಲ ಪುಟಾಣಿ ಸಿನಿಮಾ 'ದಿ ಹಾರ್ಟ್ಸ್ ಆಫ್ ಏಜ್' ಕೂಡ ಅದೇ ಬೇಸಿಗೆಯ ಕೂಸು.

ಮೂರು ವರ್ಷ ಕಳೆದು, 1937ರ ನವೆಂಬರ್ 11. ನ್ಯೂಯಾರ್ಕಿನಲ್ಲಿ ಅವನದೇ ಮರ್ಕ್ಯುರಿ ಥಿಯೇಟರ್, ಮೊದಲ ನಾಟಕ ಯಾವುದು? ಶಾಲೆಯಲ್ಲಿ ಆಡಿದ ಅದೇ 'ಜೂಲಿಯಸ್ ಸೀಸರ್'. ಯುರೋಪಿನಲ್ಲಿ ಹಿಟ್ಲರ್, ಮುಸೊಲಿನಿ ಮೆರೆಯುತ್ತಿದ್ದ ಕಾಲ. ರೋಮನ್ನರಿಗೆ ಬಿಳಿ ಬಟ್ಟೆ ಸುತ್ತಿಸದೆ ಫ್ಯಾಸಿಸ್ಟರ ಸಮವಸ್ತ್ರ ತೊಡಿಸಿದ. ನಾಜಿ ರ್‍ಯಾಲಿಗಳಲ್ಲಿ ಬೆಳಕಿನ ಕಂಬಗಳು ಆಕಾಶಕ್ಕೇಳುತ್ತಿದ್ದವಲ್ಲ, ಹಾಗೆ ನೆಲದಿಂದ ಮೇಲಕ್ಕೆ ಲೈಟು ಬಿಟ್ಟ. ಹೆಸರು ಒಂದೇ ಅನ್ನೋ ಕಾರಣಕ್ಕೆ ಸಿನ್ನಾ ಅನ್ನೋ ಬಡಪಾಯಿ ಕವಿಯನ್ನ ಗುಂಪು ಸುತ್ತುವರಿದು ಮುಗಿಸುವ ದೃಶ್ಯ ಇದೆ. ಆಗಿನ ಪ್ರೇಕ್ಷಕರನ್ನ ನಡುಗಿಸಿದ್ದು ಅದೇ. ಗುಂಪು ಹಲ್ಲೆಯ ಸುದ್ದಿ ಓದುವಾಗಲೆಲ್ಲ ನನಗೆ ಆ ಕವಿ ನೆನಪಾಗ್ತಾನೆ. 157 ಪ್ರದರ್ಶನ ಕಂಡ ನಾಟಕ ಅದು.

ಆದರೆ 'ಬೇಡ' ಅನ್ನೋ ಹಿರಿಯರು ಇಲ್ಲದೆ ಬೆಳೆದದ್ದರ ಇನ್ನೊಂದು ಮುಖವೂ ಅಲ್ಲೇ ಕಂಡಿತು. ಬ್ರೂಟಸ್ ಮಾಡುತ್ತಿದ್ದ ವೆಲ್ಸ್‌ಗೆ ಮರದ ಚಾಕು ಸಾಲದಾಯ್ತು, ಲೈಟಿಗೆ ಹೊಳೆಯಬೇಕು ಅಂತ ನಿಜವಾದ ಚಾಕು ಹಿಡಿದ. 1938ರ ಏಪ್ರಿಲ್‌ನ ಒಂದು ಪ್ರದರ್ಶನದಲ್ಲಿ ಅದು ಸೀಸರ್ ಪಾತ್ರಧಾರಿ ಜೋಸೆಫ್ ಹಾಲೆಂಡ್‌ಗೆ ನಿಜವಾಗಿಯೂ ಇಳಿಯಿತು. ಸತ್ತ ಸೀಸರನಂತೆಯೇ ಬಿದ್ದುಕೊಂಡಿದ್ದ ಮನುಷ್ಯನನ್ನ ಆಸ್ಪತ್ರೆಗೆ ಸಾಗಿಸಬೇಕಾಯ್ತು. ಪುಣ್ಯಕ್ಕೆ ಬದುಕಿದ. ಅದೇ ನಾಟಕದಲ್ಲಿ ಬ್ರೂಟಸನ ಸೇವಕ ಲೂಷಿಯಸ್ ಆಗಿದ್ದವನು ಆರ್ಥರ್ ಆಂಡರ್ಸನ್ ಅನ್ನೋ ಹದಿನೈದರ ಹುಡುಗ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ನಿಜಕ್ಕೂ ಕೆಲಸ ಮಾಡುತ್ತಾ ಅಂತ ಅವನಿಗೆ ಕುತೂಹಲ. ಬೆಂಕಿಕಡ್ಡಿ ಗೀರಿ ಕೆಳಗೆ ಹಿಡಿದ. ಕೆಲಸ ಮಾಡ್ತು! ನಾಟಕ ನಡೀತಿದ್ದ ಹಾಗೇ ರಂಗದ ಮೇಲೆ ಮಳೆ. ಹುಡುಗನ ಎದೆ ಎಷ್ಟು ಹೊಡೆದುಕೊಂಡಿರಬೇಕು ಯೋಚನೆ ಮಾಡಿ.

ನಾನು ಇಂಜಿನಿಯರಿಂಗ್ ಓದಿದವನು. ಆ ಬೆಂಕಿಕಡ್ಡಿಯ ಹುಡುಗನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ನಮ್ಮ ಲ್ಯಾಬಿನಲ್ಲಿ ಸಿಆರ್‌ಒ ಅಂತ ಒಂದು ಯಂತ್ರ ಇತ್ತು, ಅದಕ್ಕೆ ಕವರ್ ಹಾಕಿರುತ್ತಿದ್ದರು. ಮುಟ್ಟಬೇಡಿ, ಕೆಟ್ಟರೆ ಯಾರು ಕೊಡ್ತಾರೆ? ಅಟೆಂಡರ್ ಕನೆಕ್ಷನ್ ಕೊಡ್ತಿದ್ದ, ನಾವು ರೀಡಿಂಗ್ ಬರ್ಕೊಳ್ತಿದ್ದೆವು. ನಾಲ್ಕು ವರ್ಷದಲ್ಲಿ ನನಗೆ ಇವತ್ತಿಗೂ ನೆನಪಿರೋದು ಹಾಸ್ಟೆಲ್ ರೂಮಿನಲ್ಲಿ ನಾನೇ ಕೂಡಿಸಿ, ನಾನೇ ಸುಟ್ಟ ಒಂದು ಸರ್ಕ್ಯೂಟ್ ಮಾತ್ರ. ವಾಸನೆ ಸಮೇತ ನೆನಪಿದೆ.

ಹೈಸ್ಕೂಲಿನದು ಇನ್ನೂ ಹಳೇ ಗಾಯ. ಒಂಬತ್ತನೇ ಕ್ಲಾಸು. ನಮ್ಮೂರಿಗೆ ಬೆಳಗ್ಗೆ ಬರಬೇಕಾದ ಬಸ್ಸು ಬರದೇ ಇರೋದರ ಮೇಲೆ ನಾವು ಏಳೆಂಟು ಜನ ಸೇರಿ ಹತ್ತು ನಿಮಿಷದ ನಾಟಕ ಕಟ್ಟಿದೆವು. ಸೈಕಲ್ ಸ್ಟ್ಯಾಂಡ್ ಹಿಂದೆ ರಿಹರ್ಸಲ್. ಕಂಡಕ್ಟರ್ ಪಾರ್ಟು ನನ್ನದು, ಚಿಕ್ಕಮ್ಮನ ಹಳೇ ಲೆದರ್ ಬ್ಯಾಗ್ ತಂದಿದ್ದೆ. ಸ್ಕೂಲ್ ಡೇಗೆ ಒಂದು ವಾರ ಇದ್ದಾಗ ಕರೆದರು. ಯಾರು ಬರೆದುಕೊಟ್ಟಿದ್ದು? ನಾವೇ ಸರ್. ಯಾರು ನೋಡಿದ್ದಾರೆ? ಯಾರೂ ನೋಡಿಲ್ಲ ಸರ್. ಅತಿಥಿಗಳು ಬರ್ತಾರೆ, ಬಸ್ಸಿನ ವಿಷಯ ಎಲ್ಲ ಬೇಡ. ಮುಗಿಯಿತು. ಬದಲಿಗೆ ಟೀಚರ್ ಒಬ್ಬರು ಬರೆದ ದೇಶಭಕ್ತಿ ನಾಟಕ, ಅದರಲ್ಲಿ ನಾನು ಬಾವುಟ ಹಿಡಿದು ಹಿಂದೆ ನಿಂತವನು. ಡೈಲಾಗ್ ಇಲ್ಲ. ಅವರ ಮೇಲೆ ಈಗ ಸಿಟ್ಟಿಲ್ಲ. ಅವರಿಗೂ ಮೇಲಿನವರ ಭಯ ಇತ್ತು. ಆದರೆ ಆ ಬಸ್ಸಿನ ನಾಟಕದ ಕೊನೆ ದೃಶ್ಯ ಹೇಗಿರಬೇಕು ಅಂತ ನಾವು ಎರಡು ದಿನ ಜಗಳ ಆಡಿದ್ದೆವು. ಬಸ್ ಬರಬೇಕೋ, ಬರಬಾರದೋ? ಆ ಜಗಳ ಇನ್ನೂ ಬಾಕಿ ಇದೆ.

ಇವತ್ತು ಮಕ್ಕಳಿಗೆ ವೇದಿಕೆಗೆ ಕೊರತೆ ಇಲ್ಲ ಅಂತ ನೀವು ಹೇಳಬಹುದು. ನಿಜ. ನಮ್ಮ ಟಿವಿಯಲ್ಲೇ ಎಷ್ಟೊಂದು ಮಕ್ಕಳ ಶೋ. ಪುಟ್ಟ ಪುಟ್ಟ ಮಕ್ಕಳು ಏನು ಚೆನ್ನಾಗಿ ಮಾಡ್ತಾರೆ! ಒಳಗಿನವನಾಗಿ ಹೇಳ್ತೀನಿ, ಆ ಮಗು ಆಡುವ ಮಾತು ಬರೆದವರು ದೊಡ್ಡವರು, ಹಾಡು ಆರಿಸಿದವರು ದೊಡ್ಡವರು, ಯಾವಾಗ ಅಳಬೇಕು ಅಂತ ಕ್ಯಾಮೆರಾ ಹಿಂದಿನಿಂದ ಸನ್ನೆ ಮಾಡುವವರೂ ದೊಡ್ಡವರೇ. ಮಗುವಿನದ್ದು ಅಂತ ಇರೋದು ಮುಖ ಒಂದೇ. ತಪ್ಪು ಮಾಡುವ ಹಕ್ಕೂ ಅದರದ್ದಲ್ಲ. ಎಡಿಟಿಂಗ್‌ನಲ್ಲಿ ಅದನ್ನೂ ತೆಗೆದುಬಿಡ್ತೀವಿ.

ಡ್ರಾಯರ್ ಸೇರಿದ ಆ ಜಾನ್ ಬ್ರೌನ್ ನಾಟಕದ ಕಥೆ ಹೇಳದೆ ಬಿಟ್ಟೆ. ಹದಿನೆಂಟು ವರ್ಷ ಅದು ಹಾಗೇ ಬಿದ್ದಿತ್ತು. ಬರೆದವರಲ್ಲಿ ಒಬ್ಬ ಅಷ್ಟರಲ್ಲಿ 'ಸಿಟಿಜನ್ ಕೇನ್' ಮಾಡಿ, ಹಾಲಿವುಡ್ ಜೊತೆ ಜಗಳ ಮಾಡಿಕೊಂಡು, ಯುರೋಪ್ ಸೇರಿದ್ದ. 1950ರಲ್ಲಿ ಅದು ಮೊದಲ ಸಲ ರಂಗದ ಮೇಲೆ ಬಂತು. ಬ್ರಾಡ್‌ವೇಯಲ್ಲಿ ಅಲ್ಲ, ವುಡ್‌ಸ್ಟಾಕ್‌ನ ಅದೇ ಆಪೆರಾ ಹೌಸ್‌ನಲ್ಲಿ. ಆಡಿದವರು ಟಾಡ್ ಶಾಲೆಯ ಹುಡುಗರು. ನಾಲ್ಕು ವರ್ಷ ಕಳೆದು, 1954ರಲ್ಲಿ, ಶಾಲೆಯೇ ಮುಚ್ಚಿತು. ಆಪೆರಾ ಹೌಸ್ ಮಾತ್ರ ಇನ್ನೂ ಇದೆ, ಈಗಲೂ ಅಲ್ಲಿ ನಾಟಕ ಆಗುತ್ತೆ. ಅದರ ರಂಗಕ್ಕೆ ಈಗ ಆರ್ಸನ್ ವೆಲ್ಸ್ ಹೆಸರು.

ಮೇಷ್ಟ್ರು ಮತ್ತು ಶಿಷ್ಯ ಕೊನೆವರೆಗೂ ಫೋನಿನಲ್ಲಿ ಮಾತಾಡ್ತಿದ್ದರು. ಅದರಲ್ಲಿ ಎಷ್ಟೋ ಟೇಪ್ ಆಗಿದೆ, ಹಿಲ್ ಅವರ ಮೊಮ್ಮಗ ಟಾಡ್ ಟಾರ್‌ಬಾಕ್ಸ್ ಅದನ್ನಿಟ್ಟುಕೊಂಡು ಪುಸ್ತಕವನ್ನೇ ಮಾಡಿದ್ದಾರೆ. ಒಬ್ಬರಿಗೆ ತೊಂಬತ್ತರ ಆಸುಪಾಸು, ಇನ್ನೊಬ್ಬರಿಗೆ ಎಪ್ಪತ್ತು. ಮುಗಿಯದ ಸಿನಿಮಾಗಳು, ಸಿಗದ ದುಡ್ಡು, ಹಳೇ ನಾಟಕಗಳು. 1985ರ ಅಕ್ಟೋಬರ್ 10ರಂದು ಲಾಸ್ ಏಂಜಲೀಸ್‌ನ ಮನೆಯಲ್ಲಿ ಆರ್ಸನ್ ವೆಲ್ಸ್ ತೀರಿಕೊಂಡ. ಮೇಷ್ಟ್ರು ಆಮೇಲೂ ಬದುಕಿದ್ದರು.